ಕಾಲು ಎಣಿಸುತ್ತಿದ್ದ ಮೇಸ್ತ್ರಿ

ಅವರ ಗ್ಯಾರೇಜಿನಲ್ಲಿ ಕಾರು ಮೇಲೆದ್ದಿರುವಷ್ಟು ಹೊತ್ತು ಮೂರು ಮಾತುಗಳನ್ನು ಯಾರೂ ಆಡುವಂತಿರಲಿಲ್ಲ. ಕನ್ನಡದ ‘ಬಿಡು’, ತಮಿಳಿನ ‘ವಿಡು’, ಶಿವಾಜಿನಗರದವರ ಉರ್ದುವಿನ ‘ಛೋಡ್’. ಮೂರನ್ನೂ ಕನ್ನಡ ಅಕ್ಷರದಲ್ಲೇ ಗೋಡೆಯ ಮೇಲೆ ಬರೆಸಿ, ಒಂದೊಂದರ ಮೇಲೂ ಕೆಂಪು ಗೆರೆ ಎಳೆಸಿದ್ದರು. ಹೊಸ ಗಿರಾಕಿಗಳು ಅದನ್ನು ಓದಿ, ‘ಕುಡಿಯೋದು ಬಿಡು ಅಂತ ಬರೆಯೋಕೆ ಹೋಗಿ ಮನಸ್ಸು ಬದಲಾಯಿಸಿದ್ದಾರೆ’ ಎಂದು ನಗುತ್ತಿದ್ದರು. ನಾನು ನಗಲಿಲ್ಲ. ನಗುವುದು ನನ್ನ ಕೆಲಸವಾಗಿರಲಿಲ್ಲ, ಅನುಮಾನಪಡುವುದು ನನ್ನ ಕೆಲಸವಾಗಿತ್ತು.

ನಾನು ವಾಹನ ವಿಮೆಯ ಸರ್ವೇಯರ್ ಆಗಿದ್ದವನು. ಎಲ್ಲೋ ಗುದ್ದಿಸಿಕೊಂಡ ಕಾರು ಗ್ಯಾರೇಜಿಗೆ ಬಂದರೆ ಅಲ್ಲಿಗೆ ಹೋಗಿ, ನೆಗ್ಗು ಹೊಸದೋ ಹಳೆಯದೋ, ಮಾಲೀಕ ಹೇಳಿದ ಕಥೆಗೂ ಬಿದ್ದ ಪೆಟ್ಟಿಗೂ ತಾಳೆಯಾಗುತ್ತದೋ ಇಲ್ಲವೋ ನೋಡಿ ವರದಿ ಕೊಡಬೇಕಿತ್ತು. ತೊಂಬತ್ತರ ದಶಕದಲ್ಲಿ ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಗ್ಯಾರೇಜುಗಳು ನನ್ನ ಪಾಲಿಗೆ ಬಿದ್ದಿದ್ದವು. ಒಂದು ಸ್ಕೂಟರು, ಒಂದು ಕ್ಯಾಮೆರಾ, ಒಂದು ಉದ್ದನೆಯ ಟಾರ್ಚು, ಇಷ್ಟೇ ನನ್ನ ಕಚೇರಿ. ಹೇಳಿದ್ದನ್ನು ನಂಬದಿರುವುದಕ್ಕೆ ಸಂಬಳ ಕೊಟ್ಟರೆ ಮನುಷ್ಯ ಏನಾಗುತ್ತಾನೋ ಅದೇ ಆಗಿದ್ದೆ. ಮನೆಯಲ್ಲಿ ಸಾರಿನ ಪಾತ್ರೆಯ ನೆಗ್ಗು ನೋಡಿದರೂ ‘ಇದು ಯಾವಾಗ ಆಯ್ತು’ ಎಂದು ಕೇಳುತ್ತಿದ್ದೆ. ನಿಮ್ಮನ್ನು ಕಟ್ಟಿಕೊಂಡದ್ದಕ್ಕೆ ನಾನೇ ಒಂದು ಕ್ಲೇಮು ಹಾಕಬೇಕು ಎಂದು ಹೆಂಡತಿ ಹೇಳುತ್ತಿದ್ದಳು.

ಆ ಗ್ಯಾರೇಜಿನ ಯಜಮಾನರು ತೀರಿಕೊಂಡು ಆರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಒಮ್ಮೆ ಅವರ ಹೆಸರನ್ನು ಕಾಗದದ ಮೇಲೆ ಬರೆದು ನಾನು ಮಾಡಿದ ಉಪಕಾರ ಸಾಕು. ಎಲ್ಲರೂ ಕರೆಯುತ್ತಿದ್ದಂತೆ ಮೇಸ್ತ್ರಿ ಎಂದೇ ಕರೆಯುತ್ತೇನೆ.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಎರಡು ತಿರುವು ಒಳಗೆ ಹೋದರೆ ಅವರ ತಗಡಿನ ಶೆಡ್ಡು. ಜಾಗ ಆ ಊರಿನ ಹಳೆಯ ಗೌಡರೊಬ್ಬರದು. ಅವರ ತಂದೆಯ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಮೇಸ್ತ್ರಿ ಹಲಸೂರಿನವರು, ಮನೆಮಾತು ತಮಿಳು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಬಡಕಲು ಮೈ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಎದೆಯ ಜೇಬಿಗೆ ಯಾವಾಗಲೂ ಗುಂಡಿ. ಯಾವುದಕ್ಕೂ ಪೂರ್ತಿ ಉತ್ತರ ಕೊಡುವ ಆಸಾಮಿಯಲ್ಲ. ಬ್ರೇಕು ಸರಿಹೋಯಿತೇ ಎಂದು ಕೇಳಿದರೆ ‘ಈಗ ಸರಿ ಇದೆ’ ಅನ್ನುತ್ತಿದ್ದರು. ಆ ‘ಈಗ’ ಎನ್ನುವುದರಲ್ಲಿ ನನಗೆ ಏನೋ ಚಾಲಾಕಿತನ ಕಾಣುತ್ತಿತ್ತು.

ಅವರ ಬಳಿ ಒಂದು ಹೈಡ್ರಾಲಿಕ್ ಲಿಫ್ಟ್ ಇತ್ತು. ನೆಲದಲ್ಲಿ ಹೂತು ನಿಲ್ಲಿಸುವಂಥದ್ದಲ್ಲ. ಅಡಿಯಲ್ಲಿ ಚಕ್ರವಿದ್ದು, ಬೇಕಾದಲ್ಲಿಗೆ ಉರುಳಿಸಿಕೊಂಡು ಹೋಗಿ ಕಾರಿನ ಕೆಳಗೆ ತಳ್ಳುವಂಥದ್ದು. ಪಕ್ಕದ ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಎಣ್ಣೆಯ ಒತ್ತಡಕ್ಕೆ ಕಾರು ಏಳುತ್ತದೆ. ವಾಲ್ವು ತಿರುಗಿಸಿದರೆ ಎಣ್ಣೆ ಹಿಂದಕ್ಕೆ ಹರಿದು ಕಾರು ಇಳಿಯುತ್ತದೆ. ಯಾವುದೋ ಕಾರ್ಖಾನೆ ಹಳೆಯ ಸಾಮಾನು ಮಾರಿದಾಗ ತಂದದ್ದಂತೆ. ಬೇರೆ ಗ್ಯಾರೇಜುಗಳಲ್ಲಿ ಇಂಥ ಲಿಫ್ಟಿನ ಮೇಲೆ ಐದು ನಿಮಿಷಕ್ಕೆ ಕಾರು ಏರಿಸಿ, ಆರನೆಯ ನಿಮಿಷಕ್ಕೆ ಕೆಳಗೆ ತೂರಿಕೊಳ್ಳುತ್ತಿದ್ದರು. ಮೇಸ್ತ್ರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು.

ಮೊದಲು ಒಂದು ಚೊಂಬು ನೀರು ತಂದು ನೆಲಕ್ಕೆ ಸುರಿಯುವರು. ಕುಕ್ಕರಗಾಲಲ್ಲಿ ಕೂತು ಅದು ಯಾವ ಕಡೆ ಓಡುತ್ತದೆಂದು ನೋಡುವರು. ನೀರು ಓಡಿದರೆ ಆ ಜಾಗ ಬೇಡ. ಇದ್ದಲ್ಲೇ ಹರಡಿಕೊಂಡರೆ ಸರಿ. ಅದೇ ಸಿಮೆಂಟು ನೆಲ, ನಿನ್ನೆ ತಾನೇ ನೋಡಿದ್ದರಲ್ಲ ಎಂದು ನಾನೊಮ್ಮೆ ಕೇಳಿದ್ದೆ.

‘ನಿನ್ನೆ ಇದ್ದ ನೆಲನೇ ಇವತ್ತೂ ಇದೆ ಅಂತ ಯಾರು ಹೇಳಿದ್ರು ಸಾರ್’ ಎಂದರು.

ಆಮೇಲೆ ಹ್ಯಾಂಡ್‌ಬ್ರೇಕು. ಡ್ರೈವರು ಎಳೆದಿದ್ದೇನೆ ಎಂದರೂ ತಾವೇ ಬಾಗಿಲು ತೆಗೆದು ಇನ್ನೊಮ್ಮೆ ಎಳೆಯುವರು. ಚಕ್ರಗಳ ಹಿಂದೆ ಮುಂದೆ ಮರದ ತುಂಡು. ಮಲಗಿಕೊಂಡು ಕಾರಿನ ಅಡಿಯಲ್ಲಿ ಗಟ್ಟಿ ಜಾಗ ಯಾವುದೆಂದು ಬೆರಳಲ್ಲಿ ತಟ್ಟಿ ನೋಡಿ, ನಾಲ್ಕು ಕಡೆ ಸೀಮೆಸುಣ್ಣದ ಗುರುತು. ಆ ಗುರುತಿಗೆ ಸರಿಯಾಗಿ ರಬ್ಬರು ತುಂಡು ಕೂರಿಸಿ, ಒಂದು ಗೇಣು ಎತ್ತಿ ನಿಲ್ಲಿಸುವರು. ಹೆಗಲು ಕೊಟ್ಟು ಕಾರನ್ನು ಅಲ್ಲಾಡಿಸುವರು. ಅಲ್ಲಾಡದಿದ್ದರೆ ಮುಂದಕ್ಕೆ. ಬೇಕಾದಷ್ಟು ಎತ್ತಿದ ಮೇಲೆ ಲಿಫ್ಟಿನ ಎರಡು ಪಕ್ಕದ ಕೊಂಡಿಗಳು ‘ಟಕ್’ ಎಂದು ಬೀಳಬೇಕು. ‘ಕೇಳಿಸ್ತಾ’ ಎಂದು ಆ ಕಡೆಯ ಕೆಲಸಗಾರನನ್ನು ಕೇಳುವರು. ಅವನು ಹೂಂ ಎಂದರೂ ತಾವೇ ಹೋಗಿ ಬಗ್ಗಿ ನೋಡುವರು. ಇಷ್ಟಾದ ಮೇಲೂ ನಾಲ್ಕು ಕಬ್ಬಿಣದ ಸ್ಟ್ಯಾಂಡು ತಂದು ಕಾರಿನ ಅಡಿಗೆ ಕೊಡುವರು.

‘ಎಣ್ಣೆ ಎತ್ತುತ್ತೆ ಸಾರ್, ಹಿಡ್ಕೊಳ್ಳಲ್ಲ. ಹಿಡ್ಕೊಳ್ಳೋದು ಕಬ್ಬಿಣ. ಎಣ್ಣೆ ನಂಬಿ ಕೆಳಗೆ ಕೈ ಹಾಕ್ಬೇಡಿ.’

ಕೊನೆಗೆ ವಾಲ್ವಿನ ಹಿಡಿಯನ್ನು ಕಳಚಿ ಎದೆಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕುವರು. ಆ ಹಿಡಿ ಇಲ್ಲದೆ ಕಾರನ್ನು ಯಾರೂ ಇಳಿಸುವಂತಿಲ್ಲ. ಊಟಕ್ಕೆ ಹೋದರೂ, ಬಿಡಿಭಾಗ ತರಲು ಶಿವಾಜಿನಗರಕ್ಕೆ ಹೋದರೂ ಅದು ಅವರ ಜೇಬಿನಲ್ಲೇ. ಗಿರಾಕಿಗಳು ಬಂದು ಕಾದು ಕಾದು ಬೈದುಕೊಳ್ಳುತ್ತಿದ್ದರು.

ಇಳಿಸುವಾಗ ಇನ್ನೊಂದು ವಿಚಿತ್ರ. ಕಾರಿನ ಸುತ್ತ ಒಂದು ಸುತ್ತು ಬಂದು ತಲೆ ಬಗ್ಗಿಸಿ ಕಾಲುಗಳನ್ನು ಎಣಿಸುವರು. ತಲೆಗಳನ್ನಲ್ಲ, ಕಾಲುಗಳನ್ನು. ಶೆಡ್ಡಿನಲ್ಲಿದ್ದವರೆಲ್ಲ ಅವರಿಗೆ ಕಾಣುವಂತೆ ದೂರ ನಿಲ್ಲಬೇಕು. ಅವರ ತುಟಿ ಅಲ್ಲಾಡುತ್ತಿತ್ತು. ಎಣಿಕೆ ಹದಿಮೂರಕ್ಕೋ ಹದಿನೈದಕ್ಕೋ ನಿಲ್ಲುತ್ತಿತ್ತು, ಯಾವಾಗಲೂ ಬೆಸದಲ್ಲೇ. ಏಕೆಂದರೆ ಅವರ ತಮ್ಮನಿಗೆ ಒಂದೇ ಕಾಲು.

ಆ ತಮ್ಮ ಬಾಗಿಲ ಬಳಿ ಒಂದು ಮೇಜು ಹಾಕಿಕೊಂಡು ಕೂರುತ್ತಿದ್ದ. ಯಾವ ಕಾರು ಬಂತು, ಏನು ಕೆಲಸ, ಎಲ್ಲ ಬರೆದಿಡುವವನು ಅವನೇ. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ; ಊರುಗೋಲು ಗೋಡೆಗೆ ಒರಗಿರುತ್ತಿತ್ತು. ನಗುಮುಖ, ಮಾತಿನ ಮಲ್ಲ. ಆದರೆ ನಾನು ಅವನ ಜೊತೆ ಎರಡು ಮಾತಾಡುವಷ್ಟರಲ್ಲಿ ಮೇಸ್ತ್ರಿ ಎಲ್ಲಿಂದಲೋ ಬಂದು ನಡುವೆ ನಿಲ್ಲುತ್ತಿದ್ದರು. ಕೈಯಲ್ಲಿ ಏನಾದರೊಂದು ಸ್ಪ್ಯಾನರು ಇರುತ್ತಿತ್ತು. ಆದರೆ ಕೆಲಸ ಇರುತ್ತಿರಲಿಲ್ಲ. ತಮ್ಮನನ್ನು ಕಾಯುತ್ತಿದ್ದಾರೋ, ತಮ್ಮನ ಬಾಯಿಯನ್ನು ಕಾಯುತ್ತಿದ್ದಾರೋ ಎಂದು ನನಗೆ ಆಗಲೇ ಅನ್ನಿಸಿತ್ತು.

ನನ್ನ ಅನುಮಾನಕ್ಕೆ ತುಪ್ಪ ಹುಯ್ದವರು ಜಾಗದ ಗೌಡರು. ಒಂದು ದಿನ ಹೊರಗೆ ಟೀ ಕುಡಿಯುತ್ತಿದ್ದಾಗ ಅವರೇ ಪಕ್ಕಕ್ಕೆ ಕರೆದು ಹೇಳಿದರು.

‘ಅವನ ಕಾಲ ಮೇಲೆ ಕಾರು ಇಳಿಸಿದ್ದು ಇವನೇ ಕಣ್ರೀ. ಸ್ವಂತ ಅಣ್ಣ. ಆ ಟೈಮಲ್ಲಿ ತಮ್ಮ ಬೇರೆ ಗ್ಯಾರೇಜು ಮಾಡ್ತೀನಿ ಅಂತ ಕೆ.ಆರ್. ಪುರದಲ್ಲಿ ಜಾಗ ನೋಡಿದ್ದ. ಆಮೇಲೆ ಎಲ್ಲಿ ಹೋಗ್ತಾನೆ ಹೇಳಿ, ಇಲ್ಲೇ ಬಾಗ್ಲಲ್ಲಿ ಕೂತ.’

ಅದಕ್ಕೆ ಮೊದಲು ನಾನು ನೋಡಿದ್ದೆಲ್ಲ ಆ ಒಂದು ಮಾತಿನಿಂದ ಬೇರೆಯದೇ ಆಗಿ ಕಂಡಿತು. ಜೇಬಿನಲ್ಲಿ ಹಿಡಿ ಯಾಕೆ? ಕಾರು ಇಳಿಸುವ ಅಧಿಕಾರ ತನ್ನೊಬ್ಬನದೇ ಎಂಬ ಅಹಂಕಾರ. ಕಾಲು ಎಣಿಸುವುದು ಯಾಕೆ? ತಪ್ಪು ಮಾಡಿದವನ ಹೆದರಿಕೆ. ತಮ್ಮನ ಬಳಿ ಯಾರೂ ಸುಳಿಯಬಾರದು ಯಾಕೆ? ಅವನು ಬಾಯಿ ಬಿಟ್ಟಾನೆಂದು. ಇನ್ನು ಆ ಲಿಫ್ಟು. ಒಡಹುಟ್ಟಿದವನ ಕಾಲು ತಿಂದ ಯಂತ್ರವನ್ನು ಯಾರಾದರೂ ಕಣ್ಣೆದುರು ಇಟ್ಟುಕೊಳ್ಳುತ್ತಾರೆಯೇ? ಅದೇ ಲಿಫ್ಟು ಎಂದು ಗೌಡರು ಆಣೆ ಮಾಡಿ ಹೇಳಿದ್ದರು. ನಾನು ಮೇಸ್ತ್ರಿಯನ್ನು ಕೇಳಿದಾಗ ಅವರು ಅದರ ಕೀಲುಗಳಿಗೆ ಎಣ್ಣೆ ಬಿಡುತ್ತ, ‘ಇದರ ತಪ್ಪು ಏನಿಲ್ಲ ಸಾರ್, ಮಾಡು ಅಂದಿದ್ದನ್ನ ಮಾಡ್ತು’ ಎಂದಿದ್ದರು. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಎನ್ನುತ್ತಾರಲ್ಲ, ನನಗೆ ಅದೂ ತಪ್ಪೊಪ್ಪಿಗೆಯಂತೆಯೇ ಕೇಳಿಸಿತು.

ಒಂದು ಮಧ್ಯಾಹ್ನ ನೇರವಾಗಿ ಕೇಳಿಯೇಬಿಟ್ಟೆ. ತಮ್ಮ ಊಟಕ್ಕೆ ಹೋಗಿದ್ದ. ಮೇಸ್ತ್ರಿ ಕೈ ತೊಳೆಯುತ್ತಿದ್ದರು.

‘ಆವತ್ತು ವಾಲ್ವು ತಿರುಗಿಸಿದ್ದು ಯಾರು ಮೇಸ್ತ್ರಿ?’

‘ನಾನೇ.’

‘ಅದು ಹೇಗೆ?’

‘ಕೈಯಿಂದ’ ಎಂದರು. ಬಟ್ಟೆಗೆ ಕೈ ಒರೆಸಿಕೊಂಡು ಹೊರಟುಹೋದರು.

ನನ್ನ ಇಪ್ಪತ್ತು ವರ್ಷದ ಕಸುಬಿನಲ್ಲಿ ಇಷ್ಟು ಒರಟಾಗಿ ನಿಜ ಹೇಳಿದವರನ್ನು ನಾನು ಕಂಡಿರಲಿಲ್ಲ. ಸುಳ್ಳು ಹೇಳುವವರನ್ನು ಹಿಡಿಯುವುದು ನನಗೆ ಗೊತ್ತಿತ್ತು. ನಿಜವನ್ನು ಅರ್ಧ ಹೇಳುವವರನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅಪಘಾತ ಎಂದಿದ್ದರೆ, ಕೈ ಜಾರಿತು ಎಂದಿದ್ದರೆ, ಕಣ್ಣಲ್ಲಿ ನೀರು ತಂದುಕೊಂಡಿದ್ದರೆ, ನನ್ನ ಮನಸ್ಸು ಸಮಾಧಾನವಾಗುತ್ತಿತ್ತೋ ಏನೋ. ಅವರು ನೆಪವನ್ನೇ ಹೇಳಲಿಲ್ಲ. ನೆಪ ಹೇಳದವನು ಉದ್ದೇಶಪೂರ್ವಕವಾಗಿ ಮಾಡಿದವನೇ ಎಂದು ನಾನು ತೀರ್ಮಾನಿಸಿದೆ.

ಅದೇ ವರ್ಷ ನಮ್ಮ ಕಚೇರಿ ತನ್ನ ಗ್ಯಾರೇಜುಗಳ ಪಟ್ಟಿಯನ್ನು ಹೊಸದು ಮಾಡುತ್ತಿತ್ತು. ಆ ಪಟ್ಟಿಯಲ್ಲಿದ್ದರೆ ವಿಮೆಯ ಕಾರುಗಳು ಬರುತ್ತವೆ. ಮೇಸ್ತ್ರಿಯ ಶೆಡ್ಡಿಗೆ ಬರುತ್ತಿದ್ದ ಕಾರುಗಳಲ್ಲಿ ಹೆಚ್ಚಿನವು ಅವೇ. ಸರ್ವೇಯರುಗಳು ಒಂದೊಂದು ಗ್ಯಾರೇಜಿಗೆ ಒಂದೊಂದು ಹಾಳೆ ತುಂಬಬೇಕಿತ್ತು. ಕೆಲಸ ಉತ್ತಮ, ಲೆಕ್ಕ ಸರಿ, ಉಪಕರಣ ಸುಸ್ಥಿತಿ ಎಂದು ನಾನೇ ಬರೆದೆ. ಕೊನೆಯಲ್ಲಿ ‘ಇತರ ಟಿಪ್ಪಣಿ’ ಎಂದು ಎರಡು ಗೆರೆ ಖಾಲಿ ಇದ್ದವು. ಖಾಲಿ ಜಾಗ ಕಂಡರೆ ನನ್ನಂಥವನ ಪೆನ್ನು ಸುಮ್ಮನಿರುವುದಿಲ್ಲ. ‘ಮಾಲೀಕರ ನಡವಳಿಕೆ ಅನುಮಾನಾಸ್ಪದ. ಕೆಲಸಗಾರರ ಸುರಕ್ಷತೆಯ ಬಗ್ಗೆ ವಿಶ್ವಾಸ ಮೂಡುವುದಿಲ್ಲ’ ಎಂದು ಬರೆದು ಸಹಿ ಹಾಕಿದೆ. ನೆಲ ಮಟ್ಟವಾಗಿದೆಯೇ ಎಂದು ದಿನಾ ನೀರು ಸುರಿದು ನೋಡುತ್ತಿದ್ದವರ ಬಗ್ಗೆ ನಾನು ಬರೆದ ಮಾತು ಇದು.

ಹೊಸ ಪಟ್ಟಿ ಬಂದಾಗ ಮೇಸ್ತ್ರಿಯ ಗ್ಯಾರೇಜು ಅದರಲ್ಲಿರಲಿಲ್ಲ. ಆರು ಜನ ಕೆಲಸಗಾರರಿದ್ದದ್ದು ಇಬ್ಬರಿಗೆ ಇಳಿಯಿತು. ಯಾರು ಏನು ಬರೆದರು ಎಂದು ಅವರು ಕೇಳಿಕೊಂಡು ಬರಲಿಲ್ಲ. ಒಂದು ಸಲ ಮಾರ್ಕೆಟ್ ರಸ್ತೆಯಲ್ಲಿ ಎದುರಿಗೆ ಸಿಕ್ಕವರು ನಮಸ್ಕಾರ ಹೇಳಿ, ‘ನಿಮ್ಮ ಗಾಡಿ ಸೈಲೆನ್ಸರ್ ಒಂದ್ಸಲ ನೋಡಿಸ್ಬೇಕು ಸಾರ್, ಶಬ್ದ ಬರ್ತಿದೆ’ ಎಂದರು. ನನ್ನ ಸ್ವಂತ ಮಾರುತಿಯ ಕೆಲಸವನ್ನು ನಾನು ಅವರ ಬಳಿಯೇ ಮಾಡಿಸುತ್ತಿದ್ದೆ. ನಗಬೇಡಿ. ಮಿಕ್ಕ ಗ್ಯಾರೇಜುಗಳ ಹೊಟ್ಟೆಯಲ್ಲಿ ಏನಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೆ ಆ ಟಿಪ್ಪಣಿ ಬರೆದ ಮೇಲೆ ಅಲ್ಲಿಗೆ ಹೋಗಲು ಮುಖವಿರಲಿಲ್ಲ. ಸೈಲೆನ್ಸರ್ ತೋರಿಸಲು ಗರುಡಾಚಾರ್‌ಪಾಳ್ಯದ ಬೇರೊಂದು ಗ್ಯಾರೇಜಿಗೆ ಹೋದೆ.

ಅಲ್ಲೂ ಅಂಥದ್ದೇ ಉರುಳಿಸುವ ಲಿಫ್ಟು. ಅಲ್ಲಿನ ಕೆಲಸಗಾರ ಗಳಿಗೆಯಲ್ಲಿ ಕಾರು ಎತ್ತಿದ. ನೀರು ಸುರಿಯಲಿಲ್ಲ, ಕೊಂಡಿ ಹಾಕಲಿಲ್ಲ, ಸ್ಟ್ಯಾಂಡು ಗೋಡೆಯ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಎರಡೇ ನಿಮಿಷದ ಕೆಲಸ ಸಾರ್ ಎಂದ. ನಾನು ಮೊಣಕಾಲೂರಿ ಟಾರ್ಚು ಹಿಡಿದು ಕಾರಿನಡಿಗೆ ತೋಳು ಚಾಚಿದೆ. ಅವನು ಬಿಗಿದ ಒಂದು ಬೋಲ್ಟು ಸರಿ ಕೂತಿಲ್ಲ ಎಂದು ತಕರಾರು ತೆಗೆದೆ. ಅವನು ಕೂತಿದೆ ಎಂದ. ನಾನು ಇಲ್ಲ ಎಂದೆ. ಲಿಫ್ಟಿನ ಪಕ್ಕದಲ್ಲಿ, ವಾಲ್ವಿನ ಮೇಲೆ ಕೈಯಿಟ್ಟುಕೊಂಡೇ ಅವನು ನನ್ನ ಜೊತೆ ಜಗಳಕ್ಕೆ ನಿಂತಿದ್ದ. ಒಳಗಿನಿಂದ ಮಾಲೀಕ ನಮ್ಮ ಗಲಾಟೆ ಕೇಳಿ, ಸಮಾಧಾನ ಮಾಡಲೆಂದು ಅವನಿಗೆ ಕೂಗಿ ಹೇಳಿದ:

‘ಬಿಡು ಗುರು, ಸಾರ್ ಹೇಳಿದ್ದೇ ಸರಿ.’

ಅಷ್ಟೇ. ಕಾರು ಬುಸ್ಸೆಂದು ಕೆಳಗೆ ಬಂತು. ಮಾಲೀಕನಿಗೆ ಒಂದು ಮಾತಿನ ಉತ್ತರ ಕೊಡೋಣವೆಂದು ನಾನು ಆಗಷ್ಟೇ ತೋಳೆಳೆದುಕೊಂಡು ಆ ಕಡೆ ತಿರುಗಿದ್ದೆ. ಬಾಯಿ ಜೋರಿದ್ದದ್ದರಿಂದ ಕೈ ಉಳಿಯಿತು. ಟಾರ್ಚು ಒಳಗೇ ಉಳಿದು ಚಪಾತಿಯಾಗಿತ್ತು. ಕೆಲಸಗಾರ ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತ ನಿಂತಿದ್ದ. ‘ಬಿಡು ಅಂದ್ರಲ್ಲ’ ಎಂದು ಮೂರು ಸಲ ಹೇಳಿದ. ಅವನು ಸುಳ್ಳು ಹೇಳುತ್ತಿಲ್ಲವೆಂದು ನನಗೆ ಕೂಡಲೇ ಗೊತ್ತಾಯಿತು. ದಿನಕ್ಕೆ ಹತ್ತು ಸಲ ‘ಬಿಡು’ ಎಂದಾಗ ಅವನು ವಾಲ್ವು ತಿರುಗಿಸುತ್ತಾನೆ. ಕೆಲಸದ ಬಿಡು ಯಾವುದು, ಜಗಳದ ಬಿಡು ಯಾವುದು ಎಂದು ಅವನ ತಲೆಗೆ ತಿಳಿಯುವ ಮೊದಲೇ ಕೈಗೆ ಕೇಳಿಸಿಬಿಟ್ಟಿತ್ತು.

ನಾನು ಆ ನೆಲದ ಮೇಲೆ ಕೂತಲ್ಲೇ ತಿಪ್ಪಸಂದ್ರದ ಗೋಡೆಯ ಮೂರು ಮಾತುಗಳನ್ನು ಮತ್ತೆ ಓದಿದೆ.

ಆಟೋ ಹಿಡಿದು ನೇರ ಅಲ್ಲಿಗೆ ಹೋದೆ. ಮೇಸ್ತ್ರಿ ಬಿಡಿಭಾಗ ತರಲು ಹೋಗಿದ್ದರು. ಬಾಗಿಲ ಬಳಿಯ ಮೇಜಿನ ಮೇಲೆ, ತಮ್ಮನ ಮುಂದೆ, ಚಪ್ಪಟೆಯಾದ ಟಾರ್ಚನ್ನು ಇಟ್ಟು ನಡೆದದ್ದನ್ನು ಹೇಳಿದೆ. ಅವನು ಅದನ್ನು ಎತ್ತಿ ಹಿಂದೆ ಮುಂದೆ ನೋಡಿದ. ಒಮ್ಮೆ ರಸ್ತೆಯ ಕಡೆ ನೋಡಿ, ಅಣ್ಣ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ.

ಆ ದಿನ ಅವನು ಮುಂದಿನ ಚಕ್ರ ಬಿಚ್ಚಿ, ಬಲಗಾಲನ್ನು ಕಾರಿನಡಿಗೆ ಚಾಚಿ ಕೂತು ಕೆಲಸ ಮಾಡುತ್ತಿದ್ದನಂತೆ. ಎರಡು ನಿಮಿಷದ ಕೆಲಸವೆಂದು ಸ್ಟ್ಯಾಂಡು ಕೊಟ್ಟಿರಲಿಲ್ಲ, ಕೊಂಡಿ ಹಾಕಿರಲಿಲ್ಲ. ಮೇಸ್ತ್ರಿ ಲಿಫ್ಟಿನ ಪಕ್ಕ ವಾಲ್ವಿನ ಮೇಲೆ ಕೈಯಿಟ್ಟು ನಿಂತಿದ್ದರು. ಗಿರಾಕಿಯೊಬ್ಬ ಬಂದು ಕೆಲಸ ತಡವಾಯಿತೆಂದು ಕೂಗಾಡಿದ. ಆಗಿನ್ನೂ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. ಮಾತಿಗೆ ಮಾತು ಬೆಳೆಯಿತು. ಕೆಳಗೆ ಕೂತಿದ್ದ ತಮ್ಮ, ಹೋಗಲಿ ಸುಮ್ಮನಿರು ಎಂಬ ಅರ್ಥದಲ್ಲಿ, ‘ವಿಡುಣ್ಣಾ’ ಎಂದ.

‘ಮಾತು ನಂದು ಸಾರ್’ ಎಂದ ತಮ್ಮ. ‘ಕೈ ಅಣ್ಣಂದು. ಹದಿನೈದು ವರ್ಷದಿಂದ ನಾನು ವಿಡು ಅಂದಾಗೆಲ್ಲ ಅವನು ತಿರುಗಿಸ್ತಿದ್ದ. ಆವತ್ತೂ ತಿರುಗಿಸ್ದ.’

ಕೆ.ಆರ್. ಪುರದ ಜಾಗದ ವಿಷಯ ಕೇಳಿದೆ. ಅದು ನಿಜವೇ, ಆದರೆ ಆ ಜಾಗ ಹುಡುಕಿಕೊಟ್ಟದ್ದೇ ಅಣ್ಣ ಎಂದ. ಮದುವೆಯಾದ ಮೇಲೆ ತಮ್ಮನಿಗೆ ಸ್ವಂತದ್ದೊಂದು ಇರಲಿ ಎಂದು ಸೈಕಲ್ಲಿನಲ್ಲಿ ಸುತ್ತಿ ಸುತ್ತಿ ನೋಡಿದ್ದರಂತೆ. ನನಗೆ ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಹಾಗಿದ್ದರೆ ಮೇಸ್ತ್ರಿ ಇದನ್ನು ಯಾರಿಗೂ ಯಾಕೆ ಹೇಳಲಿಲ್ಲ? ನಾನು ಮುಖದ ಮೇಲೆ ಕೇಳಿದಾಗಲೂ ‘ನಾನೇ’ ಎಂದರಲ್ಲ?

‘ನಾನು ಹೇಳೋಕೆ ಹೋದ್ರೂ ಬಾಯಿ ಮುಚ್ಚಿಸ್ತಾನೆ ಸಾರ್. ಕಾಲೂ ಹೋಗಿ, ತಪ್ಪೂ ನಿಂದೇ ಅನ್ನಿಸ್ಕೋಬೇಕಾ ಅಂತಾನೆ.’

ಅವನು ಇದನ್ನು ನಗುತ್ತಲೇ ಹೇಳಿದ. ಇಷ್ಟು ವರ್ಷ ಮೇಸ್ತ್ರಿ ಸ್ಪ್ಯಾನರು ಹಿಡಿದು ನಮ್ಮ ನಡುವೆ ಬಂದು ನಿಲ್ಲುತ್ತಿದ್ದದ್ದು ತನ್ನ ಗುಟ್ಟು ಹೊರಬಿದ್ದೀತೆಂದಲ್ಲ, ತಮ್ಮ ತನ್ನ ತಪ್ಪನ್ನು ತಾನೇ ಹೇಳಿಕೊಂಡಾನೆಂದು. ಊರಿಗೆ ಊರೇ ಅಣ್ಣನನ್ನು ಅನುಮಾನದಿಂದ ನೋಡಲಿ, ತಮ್ಮನ ಕಡೆ ಮಾತ್ರ ಬೆರಳು ತಿರುಗಬಾರದು. ಆ ಬೆರಳುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ನನ್ನದಾಗಿತ್ತು.

ಅಷ್ಟರಲ್ಲಿ ಮೇಸ್ತ್ರಿ ಬಂದರು. ಮೇಜಿನ ಮೇಲಿದ್ದ ಟಾರ್ಚನ್ನು ನೋಡಿದರು, ನನ್ನ ಎರಡೂ ಕೈಗಳನ್ನು ನೋಡಿದರು, ಆಮೇಲೆ ನನ್ನ ಕಾಲುಗಳನ್ನು ನೋಡಿದರು.

‘ಸ್ಟ್ಯಾಂಡು ಕೊಟ್ಟಿರ್ಲಿಲ್ವಾ?’

‘ಇಲ್ಲ.’

‘ನೆಲ ನೋಡಿದ್ರಾ?’

‘ಇಲ್ಲ.’

‘ನೀವಾದ್ರೂ ನೋಡ್ಬೇಕಿತ್ತು ಸಾರ್. ನೀವು ಎಲ್ಲಾನೂ ಅನುಮಾನ ಪಡೋರು.’

ಇದನ್ನು ಅವರು ಚುಚ್ಚಿ ಹೇಳಿದರೋ, ಮೆಚ್ಚಿ ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ಅಲ್ಲೇ ನಿಂತು, ತಮ್ಮನ ಎದುರಿಗೇ, ಪಟ್ಟಿಯಿಂದ ಅವರ ಗ್ಯಾರೇಜು ಹೋದದ್ದು ನನ್ನ ಎರಡು ಸಾಲಿನಿಂದ ಎಂದು ಹೇಳಿಬಿಟ್ಟೆ. ಆ ಎರಡು ಸಾಲನ್ನೂ ಹೇಳಿದೆ. ಕ್ಷಮೆ ಕೇಳಿದೆ.

ನಮ್ಮ ಕಡೆ ಇಂಥ ಹೊತ್ತಿಗೆ ಒಂದು ಮಾತಿದೆ. ಎಷ್ಟೇ ದೊಡ್ಡ ತಪ್ಪಿರಲಿ, ಎದುರಿಗಿದ್ದವನು ಒಂದು ಉಸಿರಿನಲ್ಲಿ ‘ಬಿಡಿ ಸಾರ್’ ಎಂದರೆ ಅಲ್ಲಿಗೆ ಮುಗಿಯಿತು. ನಾನು ಅದಕ್ಕಾಗಿಯೇ ಕಾಯುತ್ತಿದ್ದೆ. ಕ್ಷಮಿಸುವುದಕ್ಕೆ ನಮಗೆ ಗೊತ್ತಿರುವ ಮಾತು ಅದೊಂದೇ. ಆ ಮನುಷ್ಯ ಆಡದ ಮಾತೂ ಅದೊಂದೇ ಎಂಬುದು ನನಗೆ ಆಗ ನೆನಪಾಯಿತು. ಮೇಸ್ತ್ರಿ ಜೇಬಿನ ಮೇಲೆ ಕೈಯಿಟ್ಟು ಹಿಡಿ ಇದೆಯೇ ಎಂದು ಮುಟ್ಟಿ ನೋಡಿಕೊಂಡರು.

‘ಇಳಿಸಿ ಸಾರ್’ ಎಂದರು ಕೊನೆಗೆ. ‘ಅದನ್ನ ಇಳಿಸಿ. ತಲೆ ಮೇಲೆ ಇಟ್ಕೊಂಡು ಓಡಾಡ್ಬೇಡಿ.’

ನಾನು ಕಚೇರಿಗೆ ಪತ್ರ ಬರೆದೆ. ಮೊದಲು ಬರೆದದ್ದು ತಪ್ಪು, ಪೂರ್ವ ಬೆಂಗಳೂರಿನಲ್ಲಿ ಇದಕ್ಕಿಂತ ಎಚ್ಚರದ ಗ್ಯಾರೇಜು ನಾನು ನೋಡಿಲ್ಲ ಎಂದು ಎರಡು ಸಾಲಿನ ಬದಲು ಎರಡು ಪುಟ ಬರೆದೆ. ಪತ್ರ ತಲುಪಿದೆ ಎಂದರು. ಮುಂದಿನ ವರ್ಷ ಮತ್ತೆ ಬರೆದೆ. ಅನುಮಾನ ಬರೆಯಲು ಆ ಹಾಳೆಯಲ್ಲಿ ಜಾಗವಿತ್ತು, ವಾಪಸು ತೆಗೆದುಕೊಳ್ಳಲು ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವನು ನಾನು. ಆ ಗ್ಯಾರೇಜು ಮತ್ತೆ ಆ ಪಟ್ಟಿಗೆ ಸೇರಲೇ ಇಲ್ಲ. ಇಬ್ಬರು ಕೆಲಸಗಾರರನ್ನು ಇಟ್ಟುಕೊಂಡು, ದಿನಕ್ಕೆ ಒಂದೋ ಎರಡೋ ಕಾರು ಮಾಡಿಕೊಂಡು ಅವರು ಉಳಿದ ವರ್ಷಗಳನ್ನು ಕಳೆದರು. ನನ್ನ ಮಾರುತಿ ಮಾತ್ರ ಆಮೇಲೆ ಬೇರೆಲ್ಲಿಗೂ ಹೋಗಲಿಲ್ಲ.

ನಿವೃತ್ತಿಯಾದ ಮೇಲೆ ಸುಮ್ಮನೆ ಹೋಗಿ ಕೂರುತ್ತಿದ್ದೆ. ಚೊಂಬಿನಲ್ಲಿ ನೀರು ತಂದುಕೊಡುವುದು ನನ್ನ ಕೆಲಸವಾಯಿತು. ಅವರು ಎಣಿಸುವಾಗ ನನ್ನ ಕಾಲುಗಳೂ ಸೇರಿ ಎಣಿಕೆ ಏಳಕ್ಕೆ ಬರುತ್ತಿತ್ತು. ಇಬ್ಬರು ಕೆಲಸಗಾರರು, ನಾನು, ತಮ್ಮ. ಸ್ವಂತ ಕಾಲುಗಳನ್ನು ಮಾತ್ರ ಮೇಸ್ತ್ರಿ ಎಣಿಕೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಒಮ್ಮೆ ಯಾಕೆಂದು ಕೇಳಿದ್ದಕ್ಕೆ, ಇಳಿಸುವವನ ಕಾಲು ಯಾವತ್ತೂ ಹೊರಗೇ ಇರುತ್ತೆ ಸಾರ್ ಎಂದರು. ಮುಖ ಆ ಕಡೆ ತಿರುಗಿಸಿಕೊಂಡಿದ್ದರು.

ಅವರು ಸತ್ತದ್ದು ಮನೆಯಲ್ಲಿ, ಬೆಳಗಿನ ಕಾಫಿ ಕುಡಿಯುತ್ತ. ಹೃದಯಾಘಾತ ಎಂದರು. ಹಲಸೂರಿನ ಚರ್ಚಿನಿಂದ ಕಲ್ಪಳ್ಳಿಯ ಸ್ಮಶಾನಕ್ಕೆ ಹೋದೆವು. ಜನ ಹೆಚ್ಚಿರಲಿಲ್ಲ. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಎರಡು ಹಗ್ಗ, ನಾಲ್ಕು ತುದಿ. ಎರಡು ತುದಿಯನ್ನು ಗ್ಯಾರೇಜಿನ ಕೆಲಸಗಾರರು ಹಿಡಿದರು, ಒಂದನ್ನು ಅವರ ಸಂಬಂಧಿಯೊಬ್ಬ ಹಿಡಿದ. ನಾಲ್ಕನೆಯದಕ್ಕೆ ಯಾರು ಎಂದು ನೋಡುತ್ತಿದ್ದಾಗ ತಮ್ಮ ನನ್ನ ಕಡೆ ಕೈ ತೋರಿಸಿದ.

ಅವನು ಊರುಗೋಲು ಊರಿಕೊಂಡು ಗುಂಡಿಯ ತಲೆಯ ಕಡೆ ನಿಂತಿದ್ದ. ಮೊದಲು ಗುಂಡಿಯ ಅಂಚಿನಲ್ಲಿದ್ದವರನ್ನೆಲ್ಲ ಹಿಂದೆ ಸರಿಸಿದ. ಆಮೇಲೆ ತಲೆ ಬಗ್ಗಿಸಿ ಸುತ್ತಲೂ ನೋಡಿದ; ಅವನ ತುಟಿ ಅಲ್ಲಾಡುತ್ತಿತ್ತು. ನನಗೆ ಕಣ್ಣು ಮಂಜಾಯಿತು, ಆದರೆ ಎರಡೂ ಕೈಯಲ್ಲಿ ಹಗ್ಗವಿತ್ತು.

‘ಇಳಿಸಿ’ ಎಂದ. ನಾವು ಒಂದು ಗೇಣು ಇಳಿಸಿ ನಿಲ್ಲಿಸಿದೆವು. ಪೆಟ್ಟಿಗೆ ಮಟ್ಟವಾಗಿದೆಯೇ ಎಂದು ನೋಡಿ, ಮತ್ತೆ ‘ಇಳಿಸಿ’ ಎಂದ. ಹೀಗೆ ಗೇಣು ಗೇಣಾಗಿ, ಪೆಟ್ಟಿಗೆ ತಳ ಮುಟ್ಟಿತು. ಹಗ್ಗ ಸಡಿಲವಾಯಿತು. ಇನ್ನು ಭಾರವಿರಲಿಲ್ಲ. ಆದರೂ ನಾವು ಮೂವರು ಹಿಡಿದುಕೊಂಡೇ ನಿಂತೆವು. ನಾಲ್ಕನೆಯವನು, ಆ ಸಂಬಂಧಿ, ನಮ್ಮ ಮುಖ ನೋಡಿದ. ಮೇಸ್ತ್ರಿಯ ಕೆಳಗೆ ಅಷ್ಟು ವರ್ಷ ಇದ್ದವರಿಗೆ, ಯಾರಾದರೂ ಹೇಳದೆ ಯಾವುದನ್ನೂ ಕೈಯಿಂದ ಜಾರಿಸಿ ಗೊತ್ತಿರಲಿಲ್ಲ. ಹೇಳಬೇಕಾದ ಮಾತು ಯಾವುದೆಂದು ನಮಗೆಲ್ಲ ಗೊತ್ತಿತ್ತು. ಅದನ್ನು ಆಡುವವರು ಇರಲಿಲ್ಲ.

ತಮ್ಮ ಗುಂಡಿಯೊಳಗೆ ಬಹಳ ಹೊತ್ತು ನೋಡಿದ. ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

‘ವಿಡುಣ್ಣಾ’ ಎಂದ, ಕೆಳಗೆ ನೋಡಿಕೊಂಡು, ತೀರಾ ಮೆಲ್ಲಗೆ. ಆಮೇಲೆ ತಲೆಯೆತ್ತಿ ನನ್ನ ಕಡೆ ತಿರುಗಿದ.

‘ಬಿಡಿ ಸಾರ್.’

ನಾನು ಹಗ್ಗ ಬಿಟ್ಟೆ.